ಆರ್‌ಬಿಎಸ್‌ಕೆ ಟೀಮು ಚೀಟಿ ಬರದು ಕೊಟ್ಟು ಹೋಗತದ, ಆಮ್ಯಾಲ ಆ ಹುಡುಗರನ್ನ ಆಸ್ಪತ್ರಿಗೆ ಕರ್ಕೊಂಡ್ ಹೋಗೋರು ಯಾರು?

ಬಿಸಿಲನಾಡ ಮಾಸ್ತರ
ಎಲ್ಲಾರಿಗೂ ನಮಸ್ಕಾರ್ರಿ. ನಾನು ರಾಯಚೂರು ಜಿಲ್ಲಾದಾಗ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಸಾಲಿಯೊಳಗ ಮಾಸ್ತರ ಇದ್ದೀನಿ. ವರ್ಷಕ್ಕೊಮ್ಮಿ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಹುಡುಗರ ಆರೋಗ್ಯ ತಪಾಸಣಿ ಮಾಡೋದು) ಗಾಡಿ ಬರತದ, ಇಬ್ಬರು ಡಾಕ್ಟರು, ಒಬ್ಬ ಸಿಸ್ಟರು, ಒಬ್ಬ ಫಾರ್ಮಸಿಸ್ಟು. ಹುಡುಗರ ತೂಕ ಎತ್ತರ ನೋಡ್ತಾರ, ಕಣ್ಣು ಹಲ್ಲು ಕಿವಿ ಚರ್ಮ ಎಲ್ಲಾ ನೋಡ್ತಾರ, ಖರೇ ಹೇಳ್ಬೇಕಂದ್ರ ಚಲೋನೇ ನೋಡ್ತಾರ, ನನ್ನ ತಕರಾರು ಅವರ ಮ್ಯಾಲ ಅಲ್ಲ. ತೊಂದ್ರಿ ಇದ್ದ ಹುಡುಗರಿಗೆ ತಾಲೂಕು ಆಸ್ಪತ್ರಿಗೆ ಹೋಗ್ರಿ ಅಂತ ಒಂದು ಚೀಟಿ ಬರದು ಕೊಡ್ತಾರ. ಆ ಚೀಟಿ ಪಾಟಿಚೀಲದಾಗ ಸೇರತದ ನೋಡ್ರಿ, ಅಲ್ಲಿಂದ ಮುಂದಕ್ಕ ಹೋಗಂಗಿಲ್ಲ. ಮುಂದಿನ ವರ್ಷ ಅದೇ ಹುಡುಗ, ಅದೇ ಸೋರೋ ಕಿವಿ, ಮತ್ತೊಂದು ಚೀಟಿ.

ಅವ್ವ ಅಪ್ಪಗ ಹೇಳಿದ್ರ "ಆತ್ರಿ ಸರ, ಹೋಗ್ತೀವಿ" ಅಂತಾರ. ಹತ್ತಿ ಬಿಡಿಸೋ ಟೈಮಿಗೆ ಕೂಲಿ ಬಿಟ್ಟು ಯಾರು ಹೋಗ್ತಾರ್ರಿ? ಅದು ಮುಗೀತು ಅನ್ನೋದ್ರಾಗ ಗುಳೆ, ಬೆಂಗಳೂರು, ಪುಣೆ, ಹೈದ್ರಾಬಾದು, ಓಣಿಗೆ ಓಣಿನೇ ಖಾಲಿ. ನಿಮ್ಮ ಕಡೆ ಇದನ್ನ ಹೆಂಗ ಮಾಡ್ತೀರಿ ಹೇಳ್ರಿ, ಬರೀ ಸರ್ಕಾರಕ್ಕ ಬೈಯ್ಯೋದು ಬ್ಯಾಡ, ಅದು ನನಗೂ ಬರತದ.

ತೆಂಗಿನತೋಟ
ನಮ್ಮ ತುಮಕೂರು ಕಡೆನೂ ಇದೇ ಕತೆ ಸರ್. ನಾನು ಎಚ್‌ಎಂ ಇನ್‌ಚಾರ್ಜು, ಇರೋದು ಇಬ್ರೇ ಟೀಚರ್ಸು. ಹಾಲು, ರಾಗಿ ಮಾಲ್ಟು, ಮೊಟ್ಟೆ, ಎಲ್ಲಕ್ಕೂ ದಿನಾ ಎಂಟ್ರಿ. ಮೊಟ್ಟೆಗೆ 6 ರೂಪಾಯಿ ಕೊಡ್ತಾರೆ, ಅದ್ರಲ್ಲೇ ಗ್ಯಾಸು, ಸುಲಿಯೋ ಕೂಲಿ ಎಲ್ಲಾ ಬರ್ಬೇಕು, ಮಾರ್ಕೆಟ್‌ನಲ್ಲಿ ರೇಟ್ ಏರಿದಾಗ ನಮ್ಮ ಜೇಬಿಂದ ಹೋಗುತ್ತೆ. ಇದರ ಮೇಲೆ ಮಕ್ಕಳನ್ನ ಆಸ್ಪತ್ರೆಗೂ ನೀವೇ ಕರ್ಕೊಂಡು ಹೋಗಿ ಅಂದ್ರೆ ಆ ದಿನ ಕ್ಲಾಸ್ ಯಾರು ತಗೊಳೋದು. ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸಸ್ಪೆಂಡ್ ಆಗೋದು ನಾವೇ.

ನೇರ ಮಾತು
ಮೊಟ್ಟೆ ಫ್ರೀ, ಹಾಲು ಫ್ರೀ, ಶೂ ಫ್ರೀ, ಚೆಕಪ್ ಫ್ರೀ. ಆದ್ರೂ ಸ್ವಂತ ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೂ ಆಗಲ್ಲ ಅಂದ್ರೆ ತಪ್ಪು ತಂದೆ ತಾಯಿದಲ್ವಾ? ಮೊಬೈಲ್ ಕರೆನ್ಸಿಗೆ ದುಡ್ಡಿರುತ್ತೆ.

ನಾಕನೇ ಕ್ಲಾಸಿನ ಅಮ್ಮ
@ನೇರ ಮಾತು ಅಣ್ಣಾ ನಾನು ಕೂಲಿ ಮಾಡೋಳೇ, ಎಸ್‌ಡಿಎಂಸಿ (ಶಾಲೆ ಅಭಿವೃದ್ಧಿ ಸಮಿತಿ) ಮೆಂಬರ್ರೂ ಹೌದು. ಲೆಕ್ಕ ಹೇಳ್ತೀನಿ ಕೇಳಿ. ನಂಗೆ ಬಸ್ಸು ಫ್ರೀ ಆಗಿದೆ, ಶಕ್ತಿ ಬಂದ್ಮೇಲೆ ಅದೊಂದು ಅನುಕೂಲ ಆಯ್ತು ಸುಳ್ಳು ಹೇಳಬಾರದು, ಗಂಡು ಮಗನಿಗೆ ಅರ್ಧ ಟಿಕೆಟ್ ತಗೋಬೇಕು. ಬೆಳಗ್ಗೆ ಹೋದ್ರೆ ಚೀಟಿ ಮಾಡ್ಸೋ ಕ್ಯೂ, ಆಮೇಲೆ ಕಣ್ಣಿನ ಡಾಕ್ಟ್ರು ಇವತ್ತಿಲ್ಲ ಗುರುವಾರ ಬನ್ನಿ ಅಂತಾರೆ. ಗುರುವಾರ ಹೋದ್ರೆ ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರ್ಸಿ ನೋಡ್ತಾರೆ, ಕನ್ನಡಕ ಮುಂದಿನ ವಾರ. ಒಂದು ಕನ್ನಡಕಕ್ಕೆ ಮೂರು ಕೂಲಿ ಹೋಯ್ತು. ಮೇಸ್ತ್ರಿ ಎರಡನೇ ಸಲಕ್ಕೇ ನಾಳೆಯಿಂದ ಬರಬೇಡಮ್ಮ ಅಂತಾನೆ. ಫ್ರೀ ಅನ್ನೋದು ಆಸ್ಪತ್ರೆ ಬಾಗ್ಲಿಂದ ಒಳಕ್ಕೆ ಮಾತ್ರ, ಬಾಗ್ಲು ತಂಕ ಹೋಗೋದು ನಮ್ಮ ಖರ್ಚು.

ಇನ್ನೊಂದು, ಹೆಣ್ಣು ಮಕ್ಕಳಿಗೆ ಕನ್ನಡಕ ಅಂದ್ರೆ ಮನೇಲಿ ಅಜ್ಜಿ ಬೇಡ ಅಂತಾರೆ, ಮುಂದೆ ಗಂಡು ಸಿಗಲ್ಲ ಅಂತ. ಹುಡುಗ್ರಿಗೆ ಸ್ಕೂಲಲ್ಲಿ ಸೋಡಾಬುಡ್ಡಿ ಅಂತಾರೆ. ಕೊಟ್ಟ ಕನ್ನಡಕ ಪೆಟ್ಟಿಗೇಲೇ ಇರುತ್ತೆ. ಇದನ್ನ ಸ್ಕೂಲಲ್ಲಿ ಟೀಚರ್ರೇ ಸರಿ ಮಾಡ್ಬೇಕು, ಡಾಕ್ಟ್ರ ಕೈಲಿ ಆಗಲ್ಲ.

ಆಯುಷ್ ಡಾಕ್ಟ್ರಮ್ಮ
ಮಾಸ್ತರ್ರು ಬರೆದ ಆ ಗಾಡಿಯಲ್ಲಿ ಬರೋ ಜನ ನಾವೇ 🙂 ಬೇರೆ ಜಿಲ್ಲೆ. ನಾನು ಬಿಎಎಂಎಸ್ (ಆಯುರ್ವೇದ ಡಿಗ್ರಿ) ಮಾಡಿ ಆರ್‌ಬಿಎಸ್‌ಕೆ ಟೀಮಲ್ಲಿ ಗುತ್ತಿಗೆ ಮೇಲೆ ಇದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಕಾರ್ಯಕ್ರಮ ಶುರುವಾಗಿದ್ದು 2013ರ ಫೆಬ್ರವರಿಯಲ್ಲಿ. ಹುಟ್ಟಿದಾಗಿಂದ 18 ವರ್ಷದವರೆಗಿನ ಮಕ್ಕಳು. ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ. ನೋಡೋದು ನಾಲ್ಕು ಥರದ ತೊಂದರೆ: ಹುಟ್ಟಿನಿಂದ ಬಂದ ದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯೋದು. ಒಂದು ದಿನಕ್ಕೆ ನೂರರ ಮೇಲೆ ಮಕ್ಕಳನ್ನ ನೋಡಿ ಸಂಜೆ ಎಲ್ಲಾ ಅಪ್‌ಲೋಡ್ ಮಾಡ್ಬೇಕು, ಒಂದೊಂದು ಮಗೂಗೆ ಎಷ್ಟು ನಿಮಿಷ ಸಿಗುತ್ತೆ ನೀವೇ ಲೆಕ್ಕ ಹಾಕಿ.

ಈಗ ವಿಚಿತ್ರ ಏನಂದ್ರೆ, ದೊಡ್ಡ ಕಾಯಿಲೆಗೆ ದಾರಿ ಇದೆ, ಸಣ್ಣದಕ್ಕೆ ಇಲ್ಲ. ಹೃದಯದಲ್ಲಿ ರಂಧ್ರ ಇರೋ ಮಗು ಸಿಕ್ತು ಅಂದ್ಕೊಳ್ಳಿ, ಅದರ ಹೆಸರು ಜಿಲ್ಲಾ ಮಟ್ಟದ ಪಟ್ಟಿಗೆ ಹೋಗುತ್ತೆ, ಮೇಲಿಂದ ಫೋನು ಬರ್ತಾನೇ ಇರುತ್ತೆ, ಬೆಂಗಳೂರಿಗೆ ಕಳ್ಸಿ ಆಪರೇಷನ್ ಆಗೋವರೆಗೂ ಕೇಸ್ ಕ್ಲೋಸ್ ಆಗಲ್ಲ. ಸೀಳುತುಟಿಗೂ ಹಾಗೇ. ಆದ್ರೆ ನಾವು ದಿನಾ ನೋಡೋದು ಅದಲ್ಲ. ಹುಳುಕು ಹಲ್ಲು, ಸೋರೋ ಕಿವಿ, ಕಜ್ಜಿ, ಬಿಳಿಚಿಕೊಂಡ ಕಣ್ಣು, ಬೋರ್ಡ್ ಕಾಣದ ಮಕ್ಕಳು. ಇವರಿಗೆ ಒಂದು ಚೀಟಿ, ಅಷ್ಟೇ. ಹೋದ್ರಾ ಬಿಟ್ರಾ ಅಂತ ನಂಗೆ ಗೊತ್ತಾಗೋದೇ ಮುಂದಿನ ವರ್ಷ. ವರದಿಯಲ್ಲಿ "ರೆಫರ್ ಮಾಡಿದ್ದು" ಅನ್ನೋ ಕಾಲಂ ತುಂಬಿರುತ್ತೆ, ಅದನ್ನ ನೋಡಿದ ಮೇಲಿನವರಿಗೆ ಕೆಲಸ ಆದ ಹಾಗೇ ಕಾಣುತ್ತೆ.

ಅದೇ ಸೋರೋ ಕಿವಿಯ ಹುಡುಗ ಸರಿಯಾಗಿ ಕೇಳಿಸದೇ ಹಿಂದಿನ ಬೆಂಚಿಗೆ ಹೋಗ್ತಾನೆ, ದಡ್ಡ ಅನ್ನಿಸ್ಕೊಳ್ತಾನೆ, ಏಳನೇ ಕ್ಲಾಸಿಗೆ ಶಾಲೆ ಬಿಡ್ತಾನೆ. ಯಾವ ಪಟ್ಟಿಯಲ್ಲೂ ಅದು ಕಿವಿ ಕಾಯಿಲೆ ಅಂತ ಬರಲ್ಲ.

ಕೋರಮಂಗಲ ಕೋಡರ್
ತುಂಬಾ ಒಳ್ಳೆ ಪಾಯಿಂಟ್ ಡಾಕ್ಟ್ರೇ. ಇದು ಟ್ರ್ಯಾಕಿಂಗ್ ಪ್ರಾಬ್ಲಮ್ ಅನ್ಸುತ್ತೆ. ಒಂದು ಸಿಂಪಲ್ ಆಪ್ ಮಾಡಿ ಪ್ರತಿ ರೆಫರಲ್‌ಗೂ ಕ್ಯೂಆರ್ ಕೋಡ್ ಕೊಟ್ರೆ, ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ತಕ್ಷಣ ಟೀಚರ್‌ಗೆ ಮೆಸೇಜ್ ಬರೋ ಹಾಗೆ ಮಾಡ್ಬಹುದು. ವೀಕೆಂಡ್‌ನಲ್ಲಿ ನಾನೇ ಮಾಡಿ ಕೊಡ್ತೀನಿ, ಸೀರಿಯಸ್ ಆಗಿ ಹೇಳ್ತಿದೀನಿ.

ತೆಂಗಿನತೋಟ
ಇನ್ನೊಂದು ಆಪಾ!! ಸ್ಯಾಟ್ಸ್ (ಮಕ್ಕಳ ಆನ್‌ಲೈನ್ ದಾಖಲೆ) ಎಂಟ್ರಿ ಮಾಡೋಕೇ ಮರ ಹತ್ತಬೇಕು ನಮ್ಮೂರಲ್ಲಿ ನೆಟ್‌ವರ್ಕ್‌ಗೆ. ಮಗು ಹೋಗಿಲ್ಲ ಅಂತ ಗೊತ್ತಿದೆ ಸರ್, ಗೊತ್ತಿಲ್ಲದೇ ಇರೋದಲ್ಲ ಸಮಸ್ಯೆ.

ನರ್ಸಕ್ಕ ನ್ಯೂಜೆರ್ಸಿ
ನಾನು ಹಾಸನದೋಳು, ಇಲ್ಲಿ ನ್ಯೂಜೆರ್ಸಿಯ ಪಬ್ಲಿಕ್ ಸ್ಕೂಲೊಂದ್ರಲ್ಲಿ ನರ್ಸು. ಮಾಸ್ತರ ಪೋಸ್ಟ್ ಓದಿ ನಗು ಬಂತು, ಯಾಕಂದ್ರೆ ಇದೇ ಚೀಟಿ ಕತೆ ಇಲ್ಲಿ ನೂರಿಪ್ಪತ್ತು ವರ್ಷದ ಹಿಂದೆ ಆಗಿದೆ. ನ್ಯೂಯಾರ್ಕಲ್ಲಿ 1897ರಿಂದ ಡಾಕ್ಟರುಗಳು ಶಾಲೆಗೆ ಬಂದು ಮಕ್ಕಳನ್ನ ನೋಡಿ, ಹೇನು, ಕಜ್ಜಿ, ಕಣ್ಣು ಬೇನೆ ಅಂತ ಕಂಡ್ರೆ ಚೀಟಿ ಕೊಟ್ಟು ಮನೆಗೆ ಕಳಿಸ್ತಿದ್ರು. ವಲಸೆ ಬಂದ ಬಡವರ ಕೇರಿಗಳು, ಅಮ್ಮಂದಿರಿಗೆ ಎಷ್ಟೋ ಸಲ ಆ ಚೀಟಿ ಓದೋಕೂ ಬರ್ತಿರ್ಲಿಲ್ಲ, ಮಗು ಬೀದೀಲಿ ಆಡ್ಕೊಂಡು ಇರ್ತಿತ್ತು, ಔಷಧಿನೂ ಇಲ್ಲ ಪಾಠನೂ ಇಲ್ಲ. 1902ರಲ್ಲಿ ಲಿಲಿಯನ್ ವಾಲ್ಡ್ ಅನ್ನೋರು ತಮ್ಮ ಸಂಸ್ಥೆಯಿಂದ ಲೀನಾ ರಾಜರ್ಸ್ ಅನ್ನೋ ನರ್ಸನ್ನ ಒಂದು ತಿಂಗಳ ಮಟ್ಟಿಗೆ ನಾಲ್ಕು ಶಾಲೆಗೆ ಕಳಿಸಿ ನೋಡಿದ್ರು. ಆಕೆ ಸಣ್ಣಪುಟ್ಟದ್ದನ್ನ ಶಾಲೇಲೇ ತೊಳೆದು ಮುಲಾಮು ಹಚ್ಚಿ ಕ್ಲಾಸಿಗೆ ವಾಪಸ್ ಕಳಿಸ್ತಿದ್ರು, ಸಂಜೆ ಮನೆಗೆ ಹೋಗಿ ತಾಯಿಗೆ ತೋರಿಸಿ ಕೊಡ್ತಿದ್ರು. 1902ರ ಸೆಪ್ಟೆಂಬರಲ್ಲಿ ಮನೆಗೆ ಕಳಿಸಿದ ಮಕ್ಕಳು 10,567, ಮುಂದಿನ ಸೆಪ್ಟೆಂಬರಲ್ಲಿ 1,101. ಊರಲ್ಲಿ ಡಾಕ್ಟರು ಮೊದ್ಲೂ ಇದ್ರು ಆಮೇಲೂ ಇದ್ರು, ಹೊಸದಾಗಿ ಬಂದಿದ್ದು ದಿನಾ ಶಾಲೇಲಿ ಇರೋ ನರ್ಸು.

ಅಮೆರಿಕ ಸ್ವರ್ಗ ಅಂತ ಹೇಳ್ತಿಲ್ಲ, ಇಲ್ಲೂ ಎಷ್ಟೋ ರಾಜ್ಯಗಳಲ್ಲಿ ಒಬ್ಬ ನರ್ಸು ನಾಕೈದು ಶಾಲೆ ಸುತ್ತುತ್ತಾರೆ.

ಹಳೇ ಕಡತ
ನಮ್ಮಲ್ಲೂ ಹೊಸದೇನಲ್ಲ ಇದು. ಬರೋಡಾ ಸಂಸ್ಥಾನದಲ್ಲಿ 1909ರಲ್ಲೇ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಶುರುವಾಗಿತ್ತು. 1960ರಲ್ಲಿ ರೇಣುಕಾ ರೇ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ಶಾಲಾ ಆರೋಗ್ಯ ಸಮಿತಿ ಮಾಡ್ತು, ಮರುವರ್ಷ ವರದಿ ಬಂತು. ಆಮೇಲೆ ಎಷ್ಟು ಹೆಸರು ಬದಲಾದ್ವು ಲೆಕ್ಕ ಇಲ್ಲ. 2020ರಲ್ಲಿ ಆಯುಷ್ಮಾನ್ ಭಾರತ್ ಅಡಿ ಪ್ರತಿ ಶಾಲೆಗೆ ಇಬ್ಬರು ಟೀಚರ್‌ಗಳನ್ನ ಆರೋಗ್ಯ ರಾಯಭಾರಿ ಮಾಡಿದ್ರು. ರಾಯಭಾರಿ! ಪಾಪ ಅವ್ರೇ ಬಿಪಿ ಮಾತ್ರೆ ನುಂಗ್ತಾ ಇರ್ತಾರೆ.

ಹಾಸ್ಟೆಲ್ ವಾರ್ಡನ್
ಡಾಕ್ಟ್ರಮ್ಮ ಕಜ್ಜಿ ಅಂದ್ರಲ್ಲ, ಅದರ ಬಗ್ಗೆ ಹೇಳ್ತೀನಿ. ನಮ್ದು ಬಾಲಕರ ಹಾಸ್ಟೆಲ್ಲು. ಒಬ್ಬನಿಗೆ ಬಂದ್ರೆ ವಾರದಲ್ಲಿ ರೂಮಿಗೆಲ್ಲಾ. ಮೊದಲೆಲ್ಲಾ ಕೆರೀತಿರೋ ಹುಡುಗನ್ನ ಮಾತ್ರ ಆಸ್ಪತ್ರೆಗೆ ಕಳಿಸೋದು, ಅವನು ಟ್ಯೂಬ್ ತಂದು ಹಚ್ಕೊಳೋದು, ಕಮ್ಮಿ ಆಯ್ತು ಅನ್ನೋಷ್ಟರಲ್ಲಿ ಪಕ್ಕದ ಹಾಸಿಗೆಯವನಿಂದ ಮತ್ತೆ ಹತ್ಕೊಳೋದು, ಇದು ಮುಗಿಯೋ ಕತೆ ಅಲ್ಲ. ಈಗ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟ್ರನ್ನೇ ಹಾಸ್ಟೆಲ್‌ಗೆ ಕರ್ಸಿ ಅವ್ರು ಹೇಳಿದ ಹಾಗೆ ಎಲ್ಲಾ ಹುಡುಗ್ರಿಗೂ, ಕೆರೆತ ಇರ್ಲಿ ಇಲ್ದಿರ್ಲಿ, ಒಂದೇ ರಾತ್ರಿ ಪರ್ಮೆತ್ರಿನ್ ಕ್ರೀಮು ಕುತ್ತಿಗೆಯಿಂದ ಕಾಲವರೆಗೂ ಹಚ್ಚಿಸ್ತೀವಿ, ಬೆರಳ ಸಂದಿ ಬಿಡಬಾರದು. ಬೆಳಗ್ಗೆ ಸ್ನಾನ, ಹೊದಿಕೆ ಬಟ್ಟೆ ಎಲ್ಲಾ ಬಿಸಿನೀರಲ್ಲಿ ಹಾಕಿ ಬಿಸಿಲಿಗೆ. ಒಂದೆರಡು ವಾರ ಬಿಟ್ಟು ಇನ್ನೊಂದು ಸಲ. ಖರ್ಚು ಜಾಸ್ತಿ ಅಂತ ಮೇಲಿನವರು ಮೊದಲು ಮುಖ ಸಿಂಡರಿಸಿದ್ರು, ಈಗ ಏನೂ ಮಾತಾಡಲ್ಲ. ಆದ್ರೆ ಹುಡುಗ್ರು ಹಬ್ಬಕ್ಕೆ ಊರಿಗೆ ಹೋಗಿ ಬಂದ್ರೆ ಮತ್ತೆ ತರ್ತಾರೆ, ಮನೇಲಿ ಎಲ್ರಿಗೂ ಹಚ್ಚೋರು ಯಾರೂ ಇಲ್ವಲ್ಲ.

ಬಿಳಿಗಿರಿ ಬಂಧು
ಚಾಮರಾಜನಗರ ಕಡೆಯವನು ನಾನು. ವಾರ್ಡನ್ ಸರ್ ಬರ್ದಿದ್ದ ನೋಡಿ ಇನ್ನೊಂದ್ ವಿಷ್ಯ. ನಮ್ ಕಾಡಂಚಿನ ಆಶ್ರಮ ಶಾಲೆಗಳಲ್ಲಿ ಸೋಲಿಗರು, ಜೇನುಕುರುಬರ ಮಕ್ಕಳು ಜಾಸ್ತಿ. ಕೆಲವು ಮಕ್ಕಳಿಗೆ ಸಿಕಲ್ ಸೆಲ್ ಇರ್ತದೆ, ರಕ್ತದ ಕಣ ಕುಡುಗೋಲು ಥರ ಬಾಗೋ ಕಾಯಿಲೆ, ತಂದೆ ತಾಯಿ ಇಬ್ರಿಂದ್ಲೂ ಬರ್ತದೆ. ಚಳಿಗೆ, ನೀರು ಕಮ್ಮಿ ಕುಡಿದ್ರೆ, ಜ್ವರ ಬಂದ್ರೆ ಕೈಕಾಲು ಮೂಳೆ ನೋವು ತಡಿಯಕ್ಕಾಗಲ್ಲ. ಗೊತ್ತಿಲ್ದೋರಿಗೆ ಮಗು ಸ್ಕೂಲ್ ತಪ್ಸಕ್ಕೆ ನಾಟ್ಕ ಆಡ್ತದೆ ಅನ್ಸುತ್ತೆ, ಬೆಳಗ್ಗೆ ತಣ್ಣೀರ್ ಸ್ನಾನ ಮಾಡ್ಸಿ ಪ್ರೇಯರ್‌ಗೆ ನಿಲ್ಸೋರೂ ಇದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವ್ರು 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಲ್ಲಿ ಶಾಲೆ ಆಸ್ಪತ್ರೆ ಒಂದೇ ಕಡೆ ಇರೋದ್ರಿಂದ ಅಲ್ಲಿನ ಮಕ್ಕಳಿಗೆ ಚೀಟಿ ಹಿಡ್ಕೊಂಡ್ ಬಸ್ಸಿಗೆ ಕಾಯೋ ಕಷ್ಟ ಇಲ್ಲ, ನಡ್ಕೊಂಡ್ ಹೋಗಿ ತೋರ್ಸ್ಕೋತಾರೆ. ಎಲ್ಲಾ ಕಡೆ ಅದಾಗಲ್ಲ ನಿಜ. 2023ರ ಜುಲೈನಲ್ಲಿ ಕೇಂದ್ರದ ಸಿಕಲ್ ಸೆಲ್ ಮಿಷನ್ ಬಂದ್ಮೇಲೆ 40 ವರ್ಷದೊಳಗಿನ ಎಲ್ರಿಗೂ ರಕ್ತ ಪರೀಕ್ಷೆ ಮಾಡಿ ಕಾರ್ಡ್ ಕೊಡೋ ಕೆಲ್ಸ ಶುರುವಾಗದೆ. ಮಗು ಕಾರ್ಡಿನ ವಿಷ್ಯ ವಾರ್ಡನ್‌ಗೆ, ಅಡುಗೆಯವ್ರಿಗೆ, ಪಿಟಿ ಮಾಸ್ಟ್ರಿಗೆ ಗೊತ್ತಿರ್ಬೇಕು, ಆದ್ರೆ ಮಕ್ಕಳ ಮುಂದೆ ಕೂಗಿ ಹೇಳ್ಬಾರ್ದು. ಇದನ್ನ ಎಷ್ಟ್ ಜನಕ್ಕೆ ಹೇಳ್ಕೊಟ್ಟಿದಾರೆ?

ಸಬ್‌ಸೆಂಟರ್ ಸಿಸ್ಟರ್
ಎಲ್ರೂ ನಮ್ಮನ್ನ ಮರ್ತಿದ್ದೀರಿ. ಎಎನ್‌ಎಂ ನಾನು, ಹಳ್ಳಿ ಉಪಕೇಂದ್ರದ ಆರೋಗ್ಯ ಸಹಾಯಕಿ, ಈಗ ಹೆಸರು ಪಿಎಚ್‌ಸಿಓ (ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ) ಅಂತ ಆಗಿದೆ, ಕೆಲಸ ಅದೇ. ಶಾಲೆಗೆ ನಾವು ಹೋಗ್ತಾನೇ ಇರ್ತೀವಿ. 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯೋ) ಇಂಜೆಕ್ಷನ್, ಫೆಬ್ರವರಿ 10 ಮತ್ತು ಆಗಸ್ಟ್ 10ಕ್ಕೆ ಜಂತುಹುಳದ ಮಾತ್ರೆ, ಸೋಮವಾರದ ಕಬ್ಬಿಣದ ಮಾತ್ರೆ ಸ್ಟಾಕು. ಕಬ್ಬಿಣದ ಮಾತ್ರೆ ಅಷ್ಟೇ ನೋಡಿ, ಚಿಕ್ಕ ಮಕ್ಕಳಿಗೆ ಗುಲಾಬಿ, 10 ದಾಟಿದವರಿಗೆ ನೀಲಿ. 2019–21ರ ಕುಟುಂಬ ಆರೋಗ್ಯ ಸಮೀಕ್ಷೇಲಿ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲೇ 65.5% ರಕ್ತಹೀನತೆ ಅಂತ ಬಂದಿದೆ, ಅದೇ ಮಕ್ಕಳು ತಾನೇ ಈಗ ನಿಮ್ಮ ಶಾಲೇಲಿ ಕೂತಿರೋದು. ಆದ್ರೆ ಒಂದು ಮಗು ವಾಂತಿ ಮಾಡ್ತು ಅಂದ್ರೆ ಮುಗೀತು, ವಾಟ್ಸಾಪಲ್ಲಿ ಸುದ್ದಿ ಓಡುತ್ತೆ, ಪಾಲಕರು ಗಲಾಟೆಗೆ ಬರ್ತಾರೆ, ಟೀಚರ್ ಹೆದರಿ ಮಾತ್ರೆನ ಬೀರುವಿಗೆ ಹಾಕ್ತಾರೆ. ಖಾಲಿ ಹೊಟ್ಟೇಲಿ ಕೊಟ್ರೆ ಹೊಟ್ಟೆ ತೊಳೆಸುತ್ತೆ, ಬಿಸಿಯೂಟ ಆದ್ಮೇಲೆ ಕೊಡಿ. ಮಲ ಕಪ್ಪಗೆ ಹೋಗುತ್ತೆ, ಹೆದರಬೇಡಿ ಅಂತ ಮೊದಲೇ ಹೇಳಿ. ಟೀ ಜೊತೆ ನುಂಗಿಸ್ಬೇಡಿ.

ಈಗ ಮಾಸ್ತರ ಪ್ರಶ್ನೆಗೆ. ಪ್ರತಿ ಹಳ್ಳಿಗೂ ಗ್ರಾಮ ಆರೋಗ್ಯ ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಇದೆ, ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಬರುತ್ತೆ. ಬಡವರನ್ನ ಆಸ್ಪತ್ರೆಗೆ ಸಾಗಿಸೋ ಖರ್ಚಿಗೆ ಅದನ್ನ ಬಳಸ್ಬಹುದು. ಎಷ್ಟೋ ಊರಲ್ಲಿ ಅದು ಬ್ಲೀಚಿಂಗ್ ಪೌಡರಿಗೂ ಬೋರ್ಡ್ ಬರೆಸೋದಕ್ಕೂ ಮುಗಿಯುತ್ತೆ. ಚೀಟಿ ಬಂದ ಮಕ್ಕಳ ಪಟ್ಟಿ ಹಿಡ್ಕೊಂಡು ಸಮಿತಿ ಮೀಟಿಂಗಿಗೆ ಹೋಗಿ, ಒಂದು ದಿನ ಒಂದು ಟಂಟಂ ಮಾಡಿ ಎಲ್ಲಾ ಮಕ್ಕಳನ್ನೂ ಒಟ್ಟಿಗೆ ಕಳ್ಸಿ. ಆಶಾ ಕಾರ್ಯಕರ್ತೆ ಜೊತೆಗೆ ಹೋಗ್ಲಿ, ಇಬ್ಬರು ತಾಯಂದಿರು ಹೋಗ್ಲಿ. ಎಲ್ಲಾ ತಾಯಂದಿರೂ ಕೂಲಿ ಬಿಡೋದು ತಪ್ಪುತ್ತೆ. ಆದ್ರೆ ಆಶಾಗೆ ಆ ದಿನಕ್ಕೆ ಏನು ಕೊಡ್ತೀರಿ ಅಂತನೂ ಅಲ್ಲೇ ತೀರ್ಮಾನ ಮಾಡಿ, ಸೇವೆ ಅಂತ ಬಿಟ್ಟಿ ದುಡಿಸ್ಬೇಡಿ ದಯವಿಟ್ಟು.

ಬಿಸಿಲನಾಡ ಮಾಸ್ತರ
ಸಿಸ್ಟರ, ಆ ನಿಧಿ ಸಾಗಾಟಕ್ಕೂ ಬರತದ ಅನ್ನೋದು ನಮ್ಮ ಪಂಚಾಯ್ತಿ ಮೆಂಬರಗೇ ಗೊತ್ತಿದ್ದಂಗ ಇಲ್ಲ. ಕೇಳ್ತೀನಿ. ಆದ್ರ ಕೂಡಿಸಿ ಕರ್ಕೊಂಡು ಹೋದ ದಿನ ಅಲ್ಲಿ ಕಣ್ಣಿನವರು ಇರಬೇಕಲ್ಲ, ಇಲ್ಲಂದ್ರ ಟಂಟಂ ಬಾಡಗಿ ನೀರಾಗ ಹೋಮ.

ಆಯುಷ್ ಡಾಕ್ಟ್ರಮ್ಮ
ಅದಕ್ಕೇ ತಿರುಗಾ ಮುರುಗಾ ಮಾಡಿ ಸರ್. ಕಣ್ಣಿಗೆ ಮಕ್ಕಳು ಹೋಗೋದು ಬೇಡ, ತಾಲೂಕು ಆಸ್ಪತ್ರೆಯ ನೇತ್ರಾಧಿಕಾರಿಗಳು ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಶಾಲೆಗೆ ಬರಲಿ. ಅವರ ಪೆಟ್ಟಿಗೆ, ಲೆನ್ಸು ಎಲ್ಲಾ ಕೈಯಲ್ಲಿ ಹಿಡ್ಕೊಂಡು ಬರೋವಂಥದ್ದೇ. ಟಿಎಚ್‌ಓ (ತಾಲೂಕು ಆರೋಗ್ಯಾಧಿಕಾರಿ) ಮತ್ತು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಇಬ್ರೂ ಒಪ್ಪಿ ದಿನ ಗೊತ್ತು ಮಾಡಿದ್ರೆ ಸಾಕು, ಹತ್ತು ಶಾಲೆ ಮಕ್ಕಳು ಒಂದೇ ದಿನ ಆಗುತ್ತೆ. ಅದಕ್ಕೂ ಮೊದಲು ನೀವು ಆರು ಮೀಟರ್ ದೂರ ಗೆರೆ ಎಳೆದು ಚಾರ್ಟ್ ತೂಗುಹಾಕಿ ಒಂದೊಂದು ಕಣ್ಣು ಮುಚ್ಚಿಸಿ ಓದಿಸಿಟ್ಟಿರಿ. ಅಂಗೈಯಿಂದ ಮುಚ್ಚಲಿ, ಬೆರಳಿಂದ ಮುಚ್ಚಿದ್ರೆ ಸಂದಿಯಲ್ಲಿ ನೋಡ್ತಾರೆ ಕಿಲಾಡಿಗಳು. ಅಳತೆ ಅಲ್ಲೇ ತಗೊಂಡ್ರೆ ಕನ್ನಡಕ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೈಲಿ ಶಾಲೆಗೇ ಬರುತ್ತೆ.

ಕಿವಿಗೂ ಅಷ್ಟೇ. ಸೋರೋ ಕಿವಿಗೆ ಪಿಎಚ್‌ಸಿ ಡಾಕ್ಟ್ರು ಒಂದು ಸಲ ನೋಡಿ ಡ್ರಾಪ್ಸ್ ಬರೆದುಕೊಟ್ಟ ಮೇಲೆ ದಿನಾ ಆಗಬೇಕಾದ ಕೆಲಸ ಅಂದ್ರೆ ಕಿವಿ ಒಣಗಿಸೋದು. ಶುದ್ಧ ಹತ್ತಿ ಬಟ್ಟೆ ಬತ್ತಿ ಮಾಡಿ ಮೆತ್ತಗೆ ಇಟ್ಟು ಹೀರಿಸಿ ತೆಗೀಬೇಕು, ಒದ್ದೆ ಬರೋದು ನಿಲ್ಲೋವರೆಗೂ ಬತ್ತಿ ಬದಲಾಯಿಸ್ತಾ ಇರ್ಬೇಕು, ಆಮೇಲೆ ಡ್ರಾಪ್ಸು. ಇದನ್ನ ಸಿಸ್ಟರ್ ಒಂದು ಸಲ ತೋರಿಸಿದ್ರೆ ತಾಯಿ ಮಾಡ್ತಾಳೆ, ಟೀಚರೂ ಮಾಡ್ಬಹುದು. ಬೆಂಕಿಕಡ್ಡಿ, ಪಿನ್ನು, ಬಿಸಿ ಎಣ್ಣೆ ಮಾತ್ರ ಬೇಡ. ಕೆರೆ ಬಾವಿಗೆ ಈಜೋಕೆ ಬಿಡಬೇಡಿ. ವಾಸನೆ ಬಂದ್ರೆ, ಕಿವಿ ಹಿಂದೆ ಊತ ಬಂದ್ರೆ, ಜ್ವರ ತಲೆನೋವು ಬಂದ್ರೆ ಕಾಯದೆ ಜಿಲ್ಲಾಸ್ಪತ್ರೆಗೆ.

ನೇರ ಮಾತು
ಸರಿ ಆ ಮೂರು ಕೂಲಿ ಲೆಕ್ಕ ನಾನು ಯೋಚ್ನೆ ಮಾಡಿರ್ಲಿಲ್ಲ. ಆದ್ರೂ ಎಲ್ಲಾನೂ ಶಾಲೆ ಮೇಲೆ ಹೇರಿದ್ರೆ ಪಾಠ ಯಾವಾಗ? ಅದಕ್ಕೆ ಉತ್ತರ ಬಂದಿಲ್ಲ ಇಲ್ಲಿ.

ನರ್ಸಕ್ಕ ನ್ಯೂಜೆರ್ಸಿ
ಅದಕ್ಕೇ ನರ್ಸ್ ಬೇಕು ಅನ್ನೋದು. ಪ್ರತಿ ಶಾಲೆಗೆ ಆಗಲ್ಲ, ಕ್ಲಸ್ಟರ್‌ಗೆ ಒಬ್ರು. ನರ್ಸಿಂಗ್ ಓದಿ ಕೆಲಸ ಸಿಗದೇ ಇರೋ ಹುಡುಗಿಯರು ನಮ್ಮ ಹಾಸನದಲ್ಲೇ ಬೇಕಾದಷ್ಟು ಇದ್ದಾರೆ. ಟೀಚರ್‌ಗೆ ಇನ್ನೊಂದು ಟೋಪಿ ಹಾಕೋದು ಸಾಕು.

ಸಬ್‌ಸೆಂಟರ್ ಸಿಸ್ಟರ್
ಹಾಕಿ ಮೇಡಂ, ಆದ್ರೆ ಗುತ್ತಿಗೆ ಮೇಲೆ ಅಲ್ಲ. ಆರು ತಿಂಗಳು ಸಂಬಳ ಬರ್ದೇ ಇರೋ ನರ್ಸು ಎಷ್ಟು ಮನೆಗೆ ನಡೀತಾಳೆ.

ಕೋರಮಂಗಲ ಕೋಡರ್
ಆಪ್ ಬೇಡ ಅಂದ್ರಲ್ಲ, ಸರಿ 😀 ನಮ್ಮ ಆಫೀಸ್ ಪಕ್ಕದ ಕನ್‌ಸ್ಟ್ರಕ್ಷನ್ ಸೈಟಲ್ಲಿ ರಾಯಚೂರು ಯಾದಗಿರಿ ಕಡೆಯವರ ಶೆಡ್ ಇದಾವೆ, ಮಕ್ಕಳೂ ಇದ್ದಾರೆ. ಗುಳೆ ಬಂದ ಮಕ್ಕಳ ಚೀಟಿ ಇಲ್ಲಿ ನಡೆಯುತ್ತಾ ಅಥವಾ ಊರಿನ ಆಸ್ಪತ್ರೆಗೇ ಹೋಗ್ಬೇಕಾ?

ಆಯುಷ್ ಡಾಕ್ಟ್ರಮ್ಮ
ಸರ್ಕಾರಿ ಆಸ್ಪತ್ರೆ ಎಲ್ಲಿದ್ರೂ ನೋಡ್ಲೇಬೇಕು. ಬಿಪಿಎಲ್ ಕಾರ್ಡು ಮಗು ಆಧಾರ್ ಕಾಪಿ ಇದ್ರೆ ದೊಡ್ಡ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲೂ ಆಗುತ್ತೆ, ರಾಜ್ಯದೊಳಗೆ ತೊಂದರೆ ಇಲ್ಲ. ಕಷ್ಟ ಏನಂದ್ರೆ ಕಾರ್ಡು ಊರಲ್ಲಿ ಅಜ್ಜಿ ಹತ್ರ ಇರುತ್ತೆ, ರೇಷನ್ ತರೋಕೆ. ಫೋಟೋ ತೆಗೆದು ಅಪ್ಪನ ಮೊಬೈಲಿಗೆ ಹಾಕ್ಸಿಟ್ಟಿರಿ ಮಾಸ್ತರ್ರೇ, ಚೀಟಿದೂ ಸೇರಿಸಿ, ಗುಳೆ ಹೋಗೋಕೆ ಮುಂಚೆ.

ನಾಕನೇ ಕ್ಲಾಸಿನ ಅಮ್ಮ
ಹುಡುಗೀರ ಪ್ಯಾಡಿನ ವಿಷ್ಯ ಯಾರೂ ಎತ್ತಲೇ ಇಲ್ಲ. ಸರ್ಕಾರದಿಂದ ಪ್ಯಾಡ್ ಕೊಡೋ ಶುಚಿ ಯೋಜನೆ ನಡುವೆ ಕೆಲವು ವರ್ಷ ನಿಂತಿತ್ತು, ಈಗ ಬರ್ತಿದೆ. ಆದ್ರೆ ಟಾಯ್ಲೆಟ್ಟಲ್ಲಿ ನೀರಿಲ್ಲ, ಬಿಸಾಕೋಕೆ ಜಾಗ ಇಲ್ಲ, ನಮ್ಮ ದೊಡ್ಡೋಳು ಆ ದಿನಗಳಲ್ಲಿ ಹೋಗೋದೇ ಇಲ್ಲ. ಅದಕ್ಕೆ ಬೇರೆ ಪೋಸ್ಟ್ ಹಾಕ್ತೀನಿ, ಇದ್ರಲ್ಲಿ ಬರೆದ್ರೆ ಗಂಡಸ್ರು ಓದಲ್ಲ.

ಬಿಸಿಲನಾಡ ಮಾಸ್ತರ
ಹಾಕ್ರಿ ಅಕ್ಕಾರ, ಓದ್ತೀವಿ. ಈ ಶನಿವಾರ ಸಿಆರ್‌ಪಿ ಮೀಟಿಂಗ್ ಅದ, ಚೀಟಿ ಬಂದ ಹುಡುಗರ ಪಟ್ಟಿ ಮಾಡ್ಕೊಂಡು ಹೋಗ್ತೀನಿ, ಕಣ್ಣಿಂದು ಒಂದು, ಕಿವಿದು ಒಂದು, ಹಲ್ಲಿಂದು ಒಂದು, ಬ್ಯಾರೆ ಬ್ಯಾರೆ. ಡಾಕ್ಟ್ರ, ಹಲ್ಲಿಗೆ ಏನೂ ಹೇಳ್ಲಿಲ್ಲ ನೀವು. ನಮ್ಮ ಕಡೆ ಫ್ಲೋರೈಡ್ ನೀರು, ಅರ್ಧ ಹುಡುಗರ ಹಲ್ಲು ಕಂದುಗಟ್ಟ್ಯಾವ.

ಆಯುಷ್ ಡಾಕ್ಟ್ರಮ್ಮ
ಕಂದು ಹಲ್ಲು ಚೀಟಿಯಿಂದ ಹೋಗಲ್ಲ ಸರ್, ಮೊದಲು ಬೋರ್‌ವೆಲ್ ನೀರು ಟೆಸ್ಟ್ ಮಾಡ್ಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೂ ಬಿಸಿಯೂಟಕ್ಕೂ ಅದನ್ನ ಬಳಸ್ಬೇಡಿ, ಶುದ್ಧ ನೀರಿನ ಘಟಕದ್ದೋ ಮಳೆ ನೀರೋ ಆಗ್ಬೇಕು. ಪಂಚಾಯ್ತಿಯಲ್ಲಿ ಟೆಸ್ಟ್ ಕಿಟ್ ಇರುತ್ತೆ ಕೇಳಿ ನೋಡಿ. ಯಾವ ಹುಡುಗನಿಗಾದ್ರೂ ಕಾಲು ಸೊಟ್ಟ ಆಗಿದ್ರೆ, ಬೆನ್ನು ಬಗ್ಗಿಸೋಕೆ ಕಷ್ಟ ಇದ್ರೆ ಹೆಸರು ಬರ್ಕೊಂಡು ಬನ್ನಿ, ಅದು ಬೇರೆ ಪಟ್ಟಿ.